ಸಂಜೆಯ ಹಾರನ್ನು

ದರ್ಜಿಯ ಹೆಂಡತಿ ಬೀದಿಗೆಲ್ಲ ಕಾರು ಓಡಿಸುವುದನ್ನು ಕಲಿಸಿದ್ದಳು, ಗಂಡನೊಬ್ಬನನ್ನು ಬಿಟ್ಟು. ಅವಳು ತೀರಿಕೊಂಡು ತಿಂಗಳಾಗಿತ್ತು. ಅವಳ ಹಳೆಯ ಕಾರು ಮನೆಯ ಮುಂದೆ ಸುಮ್ಮನೆ ನಿಂತಿತ್ತು. ಪೂರ್ತಿ ಸುಮ್ಮನಿದ್ದರೆ ಯಾರಿಗೇನು ತೊಂದರೆ? ಬಿಸಿಲಿಳಿದು ತಗಡು ತಣ್ಣಗಾಗುವಾಗ, ಯಾರೂ ಮುಟ್ಟದೆ, ಒಮ್ಮೆ 'ಪೋಂ' ಎನ್ನುತ್ತಿತ್ತು. ಅವಳು ಮನೆಗೆ ಬಂದಾಗ ಹೊಡೆಯುತ್ತಿದ್ದುದೂ ಅಷ್ಟೇ, ಒಂದೇ ಹಾರನ್ನು. ದರ್ಜಿ ಹೊಲಿಗೆ ಬಿಟ್ಟು ಎದ್ದು ಬಾಗಿಲು ತೆರೆದುಬಿಡುತ್ತಿದ್ದ. ತೆರೆದ ಮೇಲೆ ನೆನಪಾಗುತ್ತಿತ್ತು. ಆಮೇಲೆ ಊಟ ಸೇರುತ್ತಿರಲಿಲ್ಲ.

ಆವತ್ತು ಬೆಳಿಗ್ಗೆಯೇ ಎದುರುಮನೆಯ ಟೀಚರಮ್ಮ ಗೇಟಿಗೆ ಬಂದರು. "ದಿನಾ ಎದೆ ಧಸಕ್ ಅನ್ನುತ್ತೆ ಕಣ್ರೀ. ಇವತ್ತು ಸರಿ ಮಾಡಿಸದಿದ್ರೆ ಗುಜರಿಯವನನ್ನ ನಾನೇ ಕರೀತೀನಿ."

"ಮಾಡಿಸ್ತೀನಮ್ಮ. ನನಗೂ ಸಾಕಾಗಿದೆ," ಎಂದ ದರ್ಜಿ. ಸುಳ್ಳಲ್ಲ. ದಿನಕ್ಕೊಮ್ಮೆ ಹೆಂಡತಿಯನ್ನು ಕಳೆದುಕೊಳ್ಳುವುದು ಯಾರಿಗೆ ಬೇಕು?

ಮೆಕ್ಯಾನಿಕ್ಕನನ್ನು ಕರೆಯಲು ಪಕ್ಕದಂಗಡಿಯ ಕ್ಷೌರಿಕ ಬಿಟ್ಟರೆ ತಾನೆ! "ಎಲ್ಲೋ ಶಾರ್ಟ್ ಆಗ್ತಿದೆ, ಅಷ್ಟೆ. ನಾನು ಅಕ್ಕನ ಶಿಷ್ಯ," ಎಂದು ಬಾನೆಟ್ಟಿನೊಳಗೆ ತಲೆ ತೂರಿಸಿದ.

"ನಾಲ್ಕು ಸಲ ಫೇಲಾದ ಶಿಷ್ಯ," ಎಂದರು ಟೀಚರಮ್ಮ.

ಅವನೊಂದು ತಂತಿ ಎಳೆದ. ನೀರು ಚಿಮ್ಮಿ ಟೀಚರಮ್ಮನ ಕನ್ನಡಕ ತೊಳೆಯಿತು. ಇನ್ನೊಂದು ಎಳೆದ. ಒಳಗಿನ ದೀಪ ಹತ್ತಿಕೊಂಡು ಆರಲೊಲ್ಲೆ ಎಂದಿತು. ಹಾರನ್ನು ಮಾತ್ರ, ಡಾಕ್ಟರ ಮುಂದೆ ಕೂತಾಗಿನ ಕೆಮ್ಮಿನಂತೆ, ತುಟಿಪಿಟಕ್ಕೆನ್ನಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಸ್ಟೀರಿಂಗಿಗೂ ಕೈಹಾಕಿದ; ಬಿಚ್ಚಿದ ಸ್ಕ್ರೂ ಒಂದು ಅದರ ಸಂದಿಗೆ ಬಿತ್ತು. ದರ್ಜಿ ಗುಂಡುಸೂಜಿ ಹೆಕ್ಕುವ ತನ್ನ ಅಯಸ್ಕಾಂತಕ್ಕೆ ದಾರ ಕಟ್ಟಿ ಇಳಿಬಿಟ್ಟ. ಅಂಟಿಕೊಂಡು ಬಂದದ್ದು ಸ್ಕ್ರೂ ಅಲ್ಲ, ಹೆಂಡತಿಯ ಹೇರ್‌ಪಿನ್ನು.

"ಇದೇ ಕಣಣ್ಣ ಕಳ್ಳ! ಸವೆದ ಹಾರನ್ ತಂತಿಗೂ ಕಬ್ಬಿಣಕ್ಕೂ ಮಧ್ಯೆ ಕೂತಿತ್ತು. ತಣ್ಣಗಾದಾಗ ತಾಗ್ತಿತ್ತು," ಎಂದು ಕ್ಷೌರಿಕ ಕುಣಿದ. ದರ್ಜಿ ಪಿನ್ನನ್ನು ಜೇಬಿಗೆ ಹಾಕಿಕೊಂಡ.

ಸಂಜೆ ತಗಡು ತಣ್ಣಗಾಯಿತು. ಹಾರನ್ನು ಆಗಲಿಲ್ಲ. ದರ್ಜಿ ಹೊಲಿದ ಅಂಚನ್ನೇ ಮತ್ತೆ ಮತ್ತೆ ಹೊಲಿದ. ಕೊನೆಗೆ ತಡೆಯಲಾರದೆ ಎದ್ದು ಬಾಗಿಲು ತೆರೆದ. ಗೇಟಿನಲ್ಲಿ ಟೀಚರಮ್ಮ ನಿಂತಿದ್ದರು.

"ಹಾಲು ಉಕ್ಕಿಹೋಯ್ತು. ಅವಳ ಹಾರನ್ ಕೇಳಿಯೇ ನಾನು ಒಲೆ ಆರಿಸೋದು, ಎಷ್ಟೋ ವರ್ಷದಿಂದ. ಆ ಪಿನ್ನು ಎಸೆದಿಲ್ಲ ತಾನೆ?"

ದರ್ಜಿ ಬಾಗಿಲು ಹಾಕುವುದನ್ನೂ ಮರೆತು ಓಡಿ, ಅವಳ ಸೀಟಿನಲ್ಲಿ ಮೊದಲ ಬಾರಿಗೆ ಕೂತ. ಪಿನ್ನನ್ನು ಸಂದಿಗೆ ಅಡ್ಡ ಬಿಟ್ಟ, ಉದ್ದ ಬಿಟ್ಟ, ಅಯಸ್ಕಾಂತದಿಂದ ಎತ್ತಿ ಮತ್ತೆ ಬಿಟ್ಟ. ಕ್ಷೌರಿಕನೂ ಬಂದು ಉಸಿರು ಬಿಗಿಹಿಡಿದು ನಿಂತ. ಕಾರು ಮಿಸುಕಲಿಲ್ಲ.

"ಸರಿಯಾಗಿ ಬಿಡಿ," ಎಂದರು ಟೀಚರಮ್ಮ.

"ಅವಳು ಹೇಗೆ ಬೀಳಿಸಿದ್ದಳೋ ನನಗೇನು ಗೊತ್ತಮ್ಮ?"

ಇನ್ನೊಮ್ಮೆ ಬಗ್ಗಿದಾಗ ಅವನ ಮೊಣಕೈ ಸ್ಟೀರಿಂಗಿಗೆ ತಾಗಿತು. 'ಪೋಂ'.

ದರ್ಜಿ ಥಟ್ಟನೆ ತಲೆಯೆತ್ತಿ ಮನೆಯ ಕಡೆ ನೋಡಿದ. ಬಾಗಿಲು ತೆರೆದೇ ಇತ್ತು. ಯಾರೂ ಬಂದು ನಿಲ್ಲಲಿಲ್ಲ.