ಆರತಿ ಎತ್ತಿದರೆ ಫ್ಯಾನು ತಿರುಗಿತು

ಮನೆಯಲ್ಲೊಬ್ಬ ಸಂಶೋಧಕನಿದ್ದರೆ ಹಬ್ಬಕ್ಕೆ ವಿಶೇಷ ಕಳೆ ಬರುತ್ತದೆ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ಈ ನಂಬಿಕೆ ನಮ್ಮ ಮನೆಯಲ್ಲಿ ನನ್ನೊಬ್ಬನಿಗೇ ಇತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಅಹಮದಾಬಾದಿನ ಒಂದು ಭಾರೀ ತಂತ್ರಜ್ಞಾನ ಕಂಪನಿಯ ಸಂಶೋಧನಾ ವಿಭಾಗದಲ್ಲಿ ನಾನು ಹಿರಿಯ ಸಂಶೋಧಕ. ನನ್ನ ಸಂಶೋಧನೆಯ ಫಲ ಅಂಗೈಯಗಲದ ಒಂದು ಕಪ್ಪು ಡಬ್ಬಿ. ಅದು ನಿಮ್ಮ ಕೈಸನ್ನೆ ನೋಡಿ ಮನೆಯ ಫ್ಯಾನು, ದೀಪ, ಟಿವಿಗಳನ್ನು ನಡೆಸುತ್ತದೆ. ಕೈಯನ್ನು ಬಲಕ್ಕೆ ವೃತ್ತಾಕಾರವಾಗಿ ಸುತ್ತಿದರೆ ಫ್ಯಾನು ಜೋರಾಗುತ್ತದೆ, ಎಡಕ್ಕೆ ಸುತ್ತಿದರೆ ನಿಧಾನವಾಗುತ್ತದೆ. ಚಪ್ಪಾಳೆ ತಟ್ಟಿದರೆ ಟಿವಿ ಹತ್ತಿಕೊಳ್ಳುತ್ತದೆ, ಇನ್ನೂ ತಟ್ಟಿದರೆ ಅದರ ಸದ್ದು ಏರುತ್ತದೆ. ಕತ್ತಲಲ್ಲೂ ಕೈ ಮೇಲೆತ್ತಿದರೆ ಸಾಕು, ಆರಿದ್ದೆಲ್ಲ ಮತ್ತೆ ಚಾಲೂ ಆಗುತ್ತದೆ. ಎಲ್ಲವನ್ನೂ ಒಮ್ಮೆಲೇ ಆರಿಸಲು ಮಾತ್ರ, ಮನುಷ್ಯರು ಅಪ್ಪಿತಪ್ಪಿಯೂ ಮಾಡದ ಸನ್ನೆಯೊಂದು ಬೇಕಾಗಿತ್ತು. ನಮ್ಮ ಪ್ರಯೋಗಾಲಯದ ಜನರನ್ನು ಬಹಳ ದಿನ ಕೂಲಂಕಷವಾಗಿ ಗಮನಿಸಿದೆ. ಯಾರೊಬ್ಬರೂ ಯಾರಿಗೂ ಎರಡು ಕೈ ಜೋಡಿಸಿದ್ದನ್ನು ನಾನು ಕಾಣಲಿಲ್ಲ. ಹಾಗಾಗಿ ಅದನ್ನೇ ಆರಿಸಿಕೊಂಡೆ!

ಇಷ್ಟೊಂದು ಸಾಧನೆಯಾದ ಮೇಲೂ ನಮ್ಮ ವಿಭಾಗದ ಮುಖ್ಯಸ್ಥ ಮೆಹ್ತಾ ಸಾಹೇಬರಿಗೆ ಅನುಮಾನ. "ಪ್ರಯೋಗಾಲಯದಲ್ಲಿ ಎಲ್ಲವೂ ನಡೆಯುತ್ತದೆ ಭಾಯ್. ಮನೆಯಲ್ಲಿ ನಡೆಯುತ್ತದೆಯೋ?" ಎಂದರು. ನಡೆಯದಿದ್ದರೆ ಯೋಜನೆಗೆ ಬೀಗ, ನನಗೆ ವಡೋದರಕ್ಕೆ ವರ್ಗ. ಅಲ್ಲಿ ಗೋರ್ವಾದ ನಮ್ಮ ಕಾರ್ಖಾನೆಯಲ್ಲಿ ರಿಮೋಟಿನ ಗುಂಡಿಗಳನ್ನು ಒತ್ತಿ ನೋಡುವ ವಿಭಾಗವೊಂದಿದೆ. ಕೈಸನ್ನೆಯಿಂದ ರಿಮೋಟನ್ನೇ ಇಲ್ಲವಾಗಿಸಲು ಹೊರಟವನು ರಿಮೋಟು ಒತ್ತುತ್ತಾ ನಿವೃತ್ತನಾಗುವುದೆಂದರೆ ನೆನೆಸಿಕೊಂಡರೇ ಎದೆ ಝಲ್ಲೆನ್ನುತ್ತಿತ್ತು.

"ಸರ್, ಈ ಶುಕ್ರವಾರ ನಮ್ಮ ಮನೆಗೇ ಬಂದುಬಿಡಿ. ವರಮಹಾಲಕ್ಷ್ಮಿ ಹಬ್ಬ. ಊಟವೂ ಆಗುತ್ತದೆ, ಪರೀಕ್ಷೆಯೂ ಆಗುತ್ತದೆ" ಎಂದೆ. ಬಂದ ಆತ್ಮವಿಶ್ವಾಸವನ್ನು ತಡೆಯುವವರು ಯಾರೂ ಹತ್ತಿರದಲ್ಲಿರಲಿಲ್ಲ.

ಮನೆಗೆ ಬಂದು ಹೆಂಡತಿ ಶಾಲಿನಿಗೆ ವಿಷಯ ತಿಳಿಸಿದೆ. ಅವಳು ಕಳಶಕ್ಕೆ ಸೀರೆ ಉಡಿಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು.

"ಹಬ್ಬದ ದಿನಾನೇ ಬೇಕಿತ್ತೇನ್ರೀ ನಿಮ್ಮ ಪ್ರಯೋಗ?"

"ನಿನಗೆ ಸಹಾಯ ಆಗತ್ತೆ ಕಣೇ. ಕೈ ತುಂಬ ಕೆಲಸ ಇರೋವಾಗ ಎದ್ದು ಹೋಗಿ ಸ್ವಿಚ್ ಹಾಕೋ ತೊಂದರೆ ಇಲ್ಲ."

"ಸ್ವಿಚ್ ಹಾಕೋದು ನನಗೆ ಎಂದೂ ತೊಂದರೆ ಆಗಿಲ್ಲ. ಇನ್ನೊಂದು ಸಲ ಮನೆ ಸಾಮಾನು ಕಟ್ಟೋದು ಮಾತ್ರ ನನ್ನ ಕೈಲಾಗಲ್ಲ, ಹೇಳಿದೀನಿ!"

ಅಜ್ಞಾನಿಗಳ ಮಾತಿಗೆ ಸಂಶೋಧಕರು ಕಿವಿಗೊಡಬಾರದು. ನಾನು ನಡುಮನೆಯ ಸ್ವಿಚ್ ಬೋರ್ಡನ್ನೇ ಕಿತ್ತು, ತಂತಿಗಳನ್ನು ಡಬ್ಬಿಗೆ ಜೋಡಿಸಿ, ಗೋಡೆಯ ತೂತನ್ನು ನವಿಲಿನ ಚಿತ್ರವಿದ್ದ ಒಂದು ತಟ್ಟೆಯಿಂದ ಮುಚ್ಚಿದೆ. ಡಬ್ಬಿಯನ್ನು ಟಿವಿಯ ನೆತ್ತಿಯ ಮೇಲಿಟ್ಟೆ. ಟಿವಿಯ ಕೆಳಗೇ ಶಾಲಿನಿ ಲಕ್ಷ್ಮಿಯನ್ನು ಕೂರಿಸಿದ್ದಳು. ಎಲ್ಲರೂ ದೇವಿಯ ಕಡೆ ತಿರುಗಿ ನಿಲ್ಲುತ್ತಾರೆ, ಅಂದರೆ ಡಬ್ಬಿಗೆ ಎಲ್ಲರ ಕೈಗಳೂ ಚೆನ್ನಾಗಿ ಕಾಣಿಸುತ್ತವೆ. ಎಂಥ ದೂರದೃಷ್ಟಿ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಶುಕ್ರವಾರ ಸಂಜೆ ಎದುರು ಮನೆಯ ಹಂಸಾಬೆನ್ ಮತ್ತು ನಮ್ಮ ಸೊಸೈಟಿಯ ಹೆಂಗಸರು ಅರಿಸಿನ ಕುಂಕುಮಕ್ಕೆ ಬಂದರು. ಹಿಂದೆಯೇ ಬಿಳಿಯ ಗರಿಗರಿ ಜುಬ್ಬಾದಲ್ಲಿ ಮೆಹ್ತಾ ಸಾಹೇಬರು ಬಂದರು. ನಾನು ಮುಂದೆ ಹೋಗಿ ಸ್ವಾಗತಿಸಿದೆ. ಅವರು ದೇವಿಯನ್ನು ಕಂಡವರೇ ಭಕ್ತಿಯಿಂದ ಕೈ ಜೋಡಿಸಿದರು.

ದೀಪ ಆರಿತು. ಫ್ಯಾನು ನಿಂತಿತು. ಮನೆ ಕತ್ತಲಾಯಿತು!

"ಅರೆ, ಶು ಥಯು?" ಎಂದು ಹಂಸಾಬೆನ್ ಏನಾಯಿತೆಂದು ಕೇಳಿದರು. ನಾವಿರುವ ಸ್ಯಾಟಲೈಟ್ ಬಡಾವಣೆಯಲ್ಲಿ ಕರೆಂಟು ಹೋಗುವುದು ಅಪರೂಪ. ಹಾಗಾಗಿ ಎಲ್ಲರೂ ನನ್ನ ಕಡೆಗೇ ನೋಡಿದರು, ಕತ್ತಲಲ್ಲೂ ಅದು ನನಗೆ ತಿಳಿಯಿತು. ನಾನು ಕೈ ಎತ್ತಿ ಎಲ್ಲವನ್ನೂ ಮತ್ತೆ ಚಾಲೂ ಮಾಡಿದೆ. ಬೆಳಕು ಬಂದದ್ದಕ್ಕೆ ದೇವಿಯ ಕೃಪೆ ಎಂದುಕೊಂಡು ಹಂಸಾಬೆನ್ ಕೈ ಮುಗಿದರು. ಮತ್ತೆ ಕತ್ತಲು! ನಾನು ಕೈ ಎತ್ತಿದೆ. ಈಗ ಹಿಂದಿದ್ದ ಇನ್ನೊಬ್ಬರು ಮುಗಿದರು. ಗುಜರಾತಿನಲ್ಲಿ ಇಷ್ಟೊಂದು ಭಕ್ತಿ ಇರುವುದು ನನಗೆ ಅಂದೇ ಗೊತ್ತಾದದ್ದು.

"ಸಣ್ಣ ತಿದ್ದುಪಡಿ ಸರ್" ಎಂದು ನಗುತ್ತಾ, ಫೋನು ತೆಗೆದು ಆ ಸನ್ನೆಯನ್ನೇ ಡಬ್ಬಿಯ ನೆನಪಿನಿಂದ ಅಳಿಸಿ ಹಾಕಿದೆ. ಇನ್ನು ಯಾರು ಎಷ್ಟು ಬೇಕಾದರೂ ಕೈ ಮುಗಿಯಬಹುದು. ಎಲ್ಲವನ್ನೂ ಆರಿಸಲು ಇದ್ದ ಏಕೈಕ ದಾರಿಯನ್ನೂ ಅದರ ಜೊತೆಗೇ ಅಳಿಸಿದ್ದೇನೆ ಎಂಬುದು ಮಾತ್ರ ತಲೆಗೆ ಹೊಳೆಯಲಿಲ್ಲ.

ಪೂಜೆ ಮುಗಿದು ಮಂಗಳಾರತಿಯ ಹೊತ್ತಾಯಿತು. ಶಾಲಿನಿ ಆರತಿ ತಟ್ಟೆ ಹಿಡಿದು ನಿಂತಳು. ಮೊದಲ ಸುತ್ತು ಸುತ್ತಿದಳು, ಬಲಕ್ಕೆ, ವೃತ್ತಾಕಾರವಾಗಿ.

ನಾನು ತಲೆ ಎತ್ತಿ ಫ್ಯಾನಿನ ಕಡೆ ನೋಡಿದೆ.

ಎರಡನೇ ಸುತ್ತಿಗೆ ಫ್ಯಾನು ಜೋರಾಯಿತು. ಮೂರನೆಯದಕ್ಕೆ ಇನ್ನೂ ಜೋರು. ಆರತಿ ಆರಿತು. ಶಾಲಿನಿ ಬತ್ತಿ ಹೊತ್ತಿಸಿ ಮತ್ತೆ ಸುತ್ತಿದಳು. ಆರತಿ ಆರಿದರೆ ಅಪಶಕುನವೆಂದು ಹಂಸಾಬೆನ್ ತಾವೂ ಒಂದು ತಟ್ಟೆ ಹಿಡಿದು ನೆರವಿಗೆ ಬಂದರು. ಈಗ ಎರಡು ಕೈ! ಫ್ಯಾನು ಮಾಳಿಗೆಯನ್ನೇ ಹೊತ್ತುಕೊಂಡು ಹಾರುವ ಹಾಗೆ ಗರ್ಜಿಸತೊಡಗಿತು. ಉಳಿದವರು ಆರತಿ ಹಾಡಿಗೆ ಚಪ್ಪಾಳೆ ಹಾಕಿದರು. ದೇವಿಯ ತಲೆಯ ಮೇಲೆ ಟಿವಿ ಹತ್ತಿಕೊಂಡು, ಅದರಲ್ಲಿ ಇಬ್ಬರು ರಾಜಕಾರಣಿಗಳು ಜಗಳ ಆರಂಭಿಸಿದರು. ಹೆಂಗಸರು ಅವರಿಗಿಂತ ಜೋರಾಗಿ ಹಾಡಿ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ರಾಜಕಾರಣಿಗಳ ದನಿ ಇನ್ನೂ ಏರಿತು.

"ಅಪ್ಪಾ, ಫ್ಯಾನ್‌ಗೆ ಗುಸ್ಸಾ ಬಂದಿದೆ!" ಎಂದು ಮಗಳು ಮೇಘನಾ ಕುಣಿದಾಡಿದಳು. ಇಲ್ಲೇ ಬೆಳೆದ ಅವಳಿಗೆ ಕನ್ನಡದಲ್ಲಿ ಸಿಟ್ಟು ಎಂಬ ಪದ ಗೊತ್ತಿಲ್ಲ. ಅದನ್ನು ಕಲಿಸಲು ಅವಳ ತಾಯಿ ಸಿದ್ಧಳಾಗುತ್ತಿದ್ದಳು.

ದೇವಿಯ ಸೀರೆಯ ಸೆರಗು ಹಾರಿತು. ಅಕ್ಷತೆ ಹಾರಿತು. ತಟ್ಟೆ ತುಂಬ ಇದ್ದ ಕುಂಕುಮ ಎದ್ದು ನೇರವಾಗಿ ಮೆಹ್ತಾ ಸಾಹೇಬರ ಬಿಳಿ ಜುಬ್ಬಾದ ಮೇಲೆ ಇಳಿಯಿತು. ನಾನು ಓಡಿಹೋಗಿ ಡಬ್ಬಿಯ ಪ್ಲಗ್ಗನ್ನೇ ಕಿತ್ತೆ. ಫ್ಯಾನು ನಿಲ್ಲಲಿಲ್ಲ. ಪ್ಲಗ್ ಕಿತ್ತರೂ ಕೊನೆಯ ಆಜ್ಞೆ ಜಾರಿಯಲ್ಲೇ ಇರುವಂತೆ ಅದನ್ನು ರೂಪಿಸಿದ್ದ ಮಹಾನುಭಾವ ನಾನೇ. ಅದಕ್ಕಾಗಿ ನನಗೆ ಬಹುಮಾನವೂ ಬಂದಿತ್ತು!

ಪ್ಲಗ್ ಮತ್ತೆ ಸಿಕ್ಕಿಸಿದೆ. ಉಳಿದದ್ದು ಒಂದೇ ದಾರಿ. ದೇವಿಯ ಎದುರು ನಿಂತು ಕೈಯನ್ನು ಎಡಕ್ಕೆ ಸುತ್ತತೊಡಗಿದೆ. ಫ್ಯಾನು ಒಂದಿಷ್ಟು ನಿಧಾನವಾಯಿತು. ಗೆದ್ದೆ ಎಂದುಕೊಂಡೆ.

"ರೀ!" ಶಾಲಿನಿಯ ಕೂಗಿಗೆ ರಾಜಕಾರಣಿಗಳೂ ಬೆಚ್ಚಿರಬೇಕು. "ದೇವರ ಮುಂದೆ ಅಪ್ರದಕ್ಷಿಣೆ ಸುತ್ತುತ್ತೀರಾ? ಇಳಿಸಿ ಕೈ!"

"ಫ್ಯಾನ್ ನಿಲ್ಲಬೇಕಲ್ಲೇ!"

"ಫ್ಯಾನ್ ನಿಲ್ಲಿಸೋಕೆ ಲಕ್ಷ್ಮೀನೇ ಮನೆಯಿಂದ ಆಚೆ ಕಳಿಸ್ತೀರಾ? ಸುತ್ತೋದಾದ್ರೆ ಅಡುಗೆಮನೆಗೆ ಹೋಗಿ ಸುತ್ತಿ!"

"ಡಬ್ಬಿಗೆ ಅಡುಗೆಮನೆ ಕಾಣಿಸಲ್ಲ ಕಣೇ!"

"ಅದಕ್ಕೆ ಏನು ತಾನೆ ಕಾಣಿಸತ್ತೆ!"

ಅಷ್ಟರಲ್ಲಿ ಹಂಸಾಬೆನ್‌ಗೆ ಹೊಸ ಭಯ ಹುಟ್ಟಿತು. ನಾನು ಉಲ್ಟಾ ಸುತ್ತಿದ ಪಾಪ ಕಳೆಯಲೆಂದು ಅವರು ಎಲ್ಲ ಹೆಂಗಸರಿಂದಲೂ ಸರಿಯಾದ ದಿಕ್ಕಿಗೆ ಆರತಿ ಸುತ್ತಿಸಿದರು. ನಾನು ಇಳಿಸಿದ್ದ ವೇಗವೆಲ್ಲ ಬಡ್ಡಿ ಸಮೇತ ವಾಪಸು ಬಂತು. ದೇವಿಗೆ ಮುಡಿಸಿದ್ದ ಮಲ್ಲಿಗೆ ದಂಡೆ ಹಾರಿ ಮೆಹ್ತಾ ಸಾಹೇಬರ ಕಿವಿಗೆ ನೇತುಬಿದ್ದಿತು. ಅವರು ಅದನ್ನು ತೆಗೆಯಲಿಲ್ಲ. ಅಲುಗಾಡದೆ ಕೂತಿದ್ದರು. ಗೋರ್ವಾದಲ್ಲಿ ಮನೆ ಬಾಡಿಗೆ ಎಷ್ಟಿರಬಹುದೆಂದು ನಾನು ಯೋಚಿಸತೊಡಗಿದೆ.

ಕೊನೆಗೆ ಶಾಲಿನಿಯೇ ಬಾಗಿಲಾಚೆ ಹೋಗಿ ಮೇನ್ ಸ್ವಿಚ್ ಇಳಿಸಿದಳು. ಫ್ಯಾನು ಗೊಣಗುತ್ತಾ ನಿಂತಿತು. ರಾಜಕಾರಣಿಗಳು ಮಾತಿನ ಮಧ್ಯದಲ್ಲೇ ಮಾಯವಾದರು. ಕತ್ತಲಲ್ಲಿ ಅವಳು ಬತ್ತಿ ಹೊತ್ತಿಸಿ ಶಾಂತವಾಗಿ ಆರತಿ ಮಾಡಿದಳು. ಎಲ್ಲರೂ ಕೈ ಮುಗಿದರು, ಏನೂ ಆಗಲಿಲ್ಲ. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಮೆಹ್ತಾ ಸಾಹೇಬರು ಬೆವರು ಒರೆಸಿಕೊಳ್ಳುತ್ತಾ ದೀಪದ ಬೆಳಕಿನಲ್ಲಿ ಒಬ್ಬಟ್ಟು ತಿಂದರು, ಇನ್ನೊಂದು ಕೇಳಿ ಹಾಕಿಸಿಕೊಂಡರು. ಡಬ್ಬಿಯ ಬಗ್ಗೆ ಮಾತ್ರ ಒಂದಕ್ಷರ ಆಡಲಿಲ್ಲ.

ಸೋಮವಾರ ಕೋಣೆಗೆ ಕರೆಸಿದರು. ನಾನು ಒಳಗೆ ಹೋಗಿ, ವಾಡಿಕೆಯಿಲ್ಲದಿದ್ದರೂ, ಎರಡೂ ಕೈ ಜೋಡಿಸಿದೆ.

"ಯೋಜನೆ ಮುಚ್ಚುವುದಿಲ್ಲ" ಎಂದರು.

ನನ್ನ ಕಿವಿಗಳನ್ನು ನಾನೇ ನಂಬಲಿಲ್ಲ. "ವರ್ಗ ಸರ್?"

"ಅದೂ ಇಲ್ಲ. ಮನೆಗಳಲ್ಲಿ ಕೈಗಳು ಏನೇನು ಮಾಡುತ್ತವೆ ಎಂದು ನಮಗೆ ಯಾರಿಗೂ ಗೊತ್ತೇ ಇರಲಿಲ್ಲ ಭಾಯ್. ಡಬ್ಬಿಗೆ ಮೊದಲಿನಿಂದ ಕಲಿಸಬೇಕು. ಅದಕ್ಕೆ ಗೊತ್ತಿರುವವರು ಬೇಕು."

"ನಾನು ಸಿದ್ಧ ಸರ್!" ಎಂದು ಎದೆಯುಬ್ಬಿಸಿದೆ.

"ನೀವಲ್ಲ. ನಿಮ್ಮ ಶ್ರೀಮತಿಯವರು. ಹಂಸಾಬೆನ್ ಅವರನ್ನೂ ಕರೆತರಲಿ."

ಈಗ ಪ್ರತಿ ಶುಕ್ರವಾರ ಇಬ್ಬರಿಗೂ ಕಂಪನಿಯ ಎಸಿ ಕಾರು ಬರುತ್ತದೆ. ನಾನು ಹಿಂದಿನಿಂದ ಸ್ಕೂಟರಿನಲ್ಲಿ ಎಣ್ಣೆಯ ಡಬ್ಬ ಹಿಡಿದು ಹೋಗುತ್ತೇನೆ. ಅವರು ಪ್ರಯೋಗಾಲಯದಲ್ಲಿ ಆರತಿ ಎತ್ತುತ್ತಾರೆ, ದೃಷ್ಟಿ ತೆಗೆಯುತ್ತಾರೆ, ಮಜ್ಜಿಗೆ ಕಡೆಯುತ್ತಾರೆ, ರೊಟ್ಟಿ ಲಟ್ಟಿಸುತ್ತಾರೆ. ಡಬ್ಬಿ ತೆಪ್ಪಗೆ ನೋಡಿ ಕಲಿಯುತ್ತದೆ. ಮಧ್ಯೆ ಮಧ್ಯೆ ಚಹಾ, ಫಾಫ್ಡಾ. ಬತ್ತಿ ಹೊಸೆದು, ಎಣ್ಣೆ ಹಾಕಿ, ತಟ್ಟೆ ಅಣಿ ಮಾಡಿ ಕೊಡುವ ಜವಾಬ್ದಾರಿಯನ್ನು ಹಿರಿಯ ಸಂಶೋಧಕರಿಗೆ ವಹಿಸಲಾಗಿದೆ.

ಮೊನ್ನೆ ನನ್ನ ವಾರ್ಷಿಕ ಮೌಲ್ಯಮಾಪನ ಬಂತು. ಸಹಿ ಮೆಹ್ತಾ ಸಾಹೇಬರದು, ಆದರೆ ಅಭಿಪ್ರಾಯ ಯಾರದೆಂದು ಓದಿದ ಕೂಡಲೇ ಗೊತ್ತಾಯಿತು: "ಹೇಳಿದಷ್ಟು ಮಾಡುತ್ತಾರೆ. ಬತ್ತಿ ಮಾತ್ರ ಇನ್ನೂ ದಪ್ಪ."