ಧೂಳಿನ ಚೀಲ ಬಿಚ್ಚಿದ ತಪ್ಪಿಗೆ ನೋಟಿಸು ಕೊಟ್ಟ ಅಧ್ಯಕ್ಷರಿಗೆ

ಇಂದಿರಾನಗರ, ನಾಸಿಕ್
ಫೆಬ್ರವರಿ 2012

ಸುಖಶಾಂತಿ ಹೌಸಿಂಗ್ ಸೊಸೈಟಿಯ ಅಧ್ಯಕ್ಷರೂ ಬ್ಯಾಂಕಿನ ನಿವೃತ್ತ ಮ್ಯಾನೇಜರರೂ ಕನ್ನಡ ಸಂಘದ ಕಾಯಂ ಭಾಷಣಕಾರರೂ ಆದ ಶ್ರೀ ನರಹರಿಯವರ ಸನ್ನಿಧಾನಕ್ಕೆ,

ಮಾನ್ಯರೇ,

ತಮಗೂ ತಮ್ಮ ಮಂಡಿನೋವಿಗೂ ತಮ್ಮ ಬಾಲ್ಕನಿಯ ತುಳಸಿಗೂ ನಮ್ಮ ಮನೆಯವರೆಲ್ಲರ ನಮಸ್ಕಾರಗಳು. ಕನ್ನಡಿಗರು ಕನ್ನಡಿಗರೊಂದಿಗೆ ಕನ್ನಡದಲ್ಲೇ ವ್ಯವಹರಿಸಬೇಕೆಂದು ತಾವು ಕಳೆದ ರಾಜ್ಯೋತ್ಸವದಲ್ಲಿ ಮೇಜು ಕುಟ್ಟಿ ಹೇಳಿದ್ದರಿಂದ, ತಾವು ಇಂಗ್ಲಿಷಿನಲ್ಲಿ ಕಳಿಸಿದ ನೋಟಿಸಿಗೆ ನಾನು ಕನ್ನಡದಲ್ಲಿ ಉತ್ತರ ಬರೆಯುವ ಧೈರ್ಯ ಮಾಡಿದ್ದೇನೆ. ಕಟ್ಟಡದ ಉಳಿದವರೂ ಓದಿ ಸಂತೋಷಪಡಲೆಂದು ಇದರ ಮರಾಠಿ ಪ್ರತಿಯೊಂದನ್ನು ತಳಮಹಡಿಯ ಬೋರ್ಡಿಗೆ ಅಂಟಿಸಿದ್ದೇನೆ.

ನನ್ನ ಫ್ಲ್ಯಾಟಿನಲ್ಲಿ ಗುಜರಿ ತುಂಬಿದೆ, ರವಿವಾರ ಬೆಳಿಗ್ಗೆ ಅಲ್ಲಿಂದ ಕರ್ಕಶ ಶಬ್ದ ಬರುತ್ತದೆ, ಇದರಿಂದ ಸೊಸೈಟಿಯ ಘನತೆಗೆ ಧಕ್ಕೆಯಾಗಿದೆ, ಆದ್ದರಿಂದ ಎಲ್ಲವನ್ನೂ ಕೂಡಲೇ ಹೊರಹಾಕಬೇಕು ಎಂದು ತಾವು ಅಪ್ಪಣೆ ಕೊಡಿಸಿದ್ದೀರಿ. ತಾವು ಗುಜರಿ ಎಂದು ಕರೆದ ವಸ್ತುಗಳು ಹಳೆಯ ವ್ಯಾಕ್ಯೂಮ್ ಕ್ಲೀನರ್‌ಗಳು. ನಾನು ಅವನ್ನು ಕೊಳ್ಳುತ್ತೇನೆ, ಬಿಚ್ಚುತ್ತೇನೆ, ತೊಳೆಯುತ್ತೇನೆ, ಚಾಲೂ ಮಾಡಿ ನೋಡುತ್ತೇನೆ. ಜನ ಯೇವಲಾಕ್ಕೆ ಪೈಠಣಿ ಸೀರೆಗಾಗಿ ಹೋಗುತ್ತಾರೆ. ನಾನು ಅದೇ ಊರನ್ನು ಔರಂಗಾಬಾದಿನ ಬಸ್ಸಿನಲ್ಲಿ ಕುಳಿತು, ತೊಡೆಯ ಮೇಲೊಂದು ಮೋಟಾರು ಇಟ್ಟುಕೊಂಡು ದಾಟುತ್ತೇನೆ. ಸಿನ್ನರಿನ ಕಾರ್ಖಾನೆಯಲ್ಲಿ ದಿನವಿಡೀ ಯಂತ್ರಗಳ ನಡುವೆ ನಿಂತು ಮನೆಗೆ ಬರುವ ನಮ್ಮ ಯಜಮಾನರು ವೈಜನಾಥ, "ಮಂದಿ ಹೆಂಡ್ರು ಬಂಗಾರ ಕೇಳ್ತಾರ, ನೀ ಒಬ್ಬಾಕಿ ಪೈಪ್ ಕೇಳ್ತಿ" ಎಂದು ನಗುತ್ತಾರೆಯೇ ಹೊರತು ಇದುವರೆಗೆ ನೋಟಿಸು ಕೊಟ್ಟಿಲ್ಲ.

ಈ ಹವ್ಯಾಸದಲ್ಲಿ ನಾನು ಕಲಿತದ್ದು ಇಷ್ಟೇ: ಹಳೆಯ ಯಂತ್ರ ಮಾರುವವರು ಹೊರಮೈಯನ್ನು ಹೊಳೆಯುವಂತೆ ಒರೆಸುತ್ತಾರೆ, ಒಳಗಿನ ಧೂಳಿನ ಚೀಲವನ್ನು ಮಾತ್ರ ಮರೆಯುತ್ತಾರೆ. ಆ ಚೀಲ ಬಿಚ್ಚಿದರೆ ಒಂದು ಸಂಸಾರವೇ ಕಾಗದದ ಮೇಲೆ ಬೀಳುತ್ತದೆ. ಪೆನ್ಸಿಲ್ ಹೆರೆದ ಸಿಪ್ಪೆ, ನಾಯಿಯ ಕೂದಲು, ಅಜ್ಜಿಯ ಗುಳಿಗೆಯ ಚೂರು, ಹರಿದ ಪ್ರೇಮಪತ್ರದ ಒಂದು ಮೂಲೆ. ಹಾಗಾಗಿಯೇ ಕಳೆದ ಸೆಪ್ಟೆಂಬರಿನಲ್ಲಿ, ತಮ್ಮ ಮನೆಯಲ್ಲಿ ಆ ದುರ್ಘಟನೆ ನಡೆದಾಗ, ನಾನು ಒಂದು ಸಣ್ಣ ಸಲಹೆ ಕೊಡುವ ಅಧಿಕಪ್ರಸಂಗ ಮಾಡಿದ್ದೆ.

ತಮಗೆ ನೆನಪಿಲ್ಲದಿರಬಹುದು, ದೊಡ್ಡವರಿಗೆ ಮರೆಯಲು ಬಹಳ ಇರುತ್ತದೆ. ನವರಾತ್ರಿಗೆ ಮುಂಚೆ ತಮ್ಮ ಪತ್ನಿ ಸುಮನ ಅವರ ಕಿವಿಯ ಮುತ್ತಿನ ಬುಗುಡಿಗಳಲ್ಲಿ ಒಂದು ಕಾಣೆಯಾಯಿತು. ಆ ದಿನ ತಮ್ಮ ಮನೆಯಲ್ಲಿ ಕಸ ಗುಡಿಸಿದವಳು ಚಂಪಾ. ಆಳಂದದ ಕಡೆಯಿಂದ ಮಗಳೊಂದಿಗೆ ಬಂದು, ನಮ್ಮ ಕಟ್ಟಡದ ಅರ್ಧ ಮನೆಗಳ ಪಾತ್ರೆ ತಿಕ್ಕಿ ಬದುಕುತ್ತಿದ್ದವಳು. ತಾವು ಎರಡನೆಯ ಯೋಚನೆಗೆ ಅವಕಾಶ ಕೊಡದೆ ಪೊಲೀಸರನ್ನು ಕರೆಸಿದಿರಿ. ಅವಳನ್ನು ಇಡೀ ದಿನ ಠಾಣೆಯಲ್ಲಿ ಕೂಡಿಸಿದರು, ಅವಳ ಖೋಲಿಯ ಹಿಟ್ಟಿನ ಡಬ್ಬಿಯನ್ನೂ ಸುರುವಿ ನೋಡಿದರು, ಏನೂ ಸಿಗಲಿಲ್ಲ. ಏನೂ ಸಿಗದಿದ್ದುದೇ ಅವಳು ಪಳಗಿದ ಕಳ್ಳಿ ಎಂಬುದಕ್ಕೆ ಸಾಕ್ಷಿಯೆಂದು ತಾವು ಸೊಸೈಟಿಯ ಸಭೆಯಲ್ಲಿ ನಿರೂಪಿಸಿದ ರೀತಿ ನಮ್ಮನ್ನೆಲ್ಲ ಬೆರಗುಗೊಳಿಸಿತು.

ಅದೇ ಸಭೆಯಲ್ಲಿ ಸುಮನ ಅವರು ಮೆಲ್ಲಗೆ, "ಅವತ್ತ ಮುಂಜಾನೆ ಹಾಸಿಗಿ ಮ್ಯಾಲೆ ಮಷೀನ್ ಇವರೇ ಹೊಡದಿದ್ರು" ಎಂದರು. ತಾವು ಅವರನ್ನು ನೋಡಿದಿರಿ, ಅವರು ತಲೆ ತಗ್ಗಿಸಿದರು. ಆಗ ನಾನು ಎದ್ದು, ಆ ಯಂತ್ರದ ಧೂಳಿನ ಚೀಲವನ್ನೊಮ್ಮೆ ಬಿಚ್ಚಿ ನೋಡಬಹುದಲ್ಲ ಎಂದೆ. ತಾವು ನಕ್ಕು, "ವಿಜಯಶ್ರೀಬಾಯಿ, ಇದು ನಿಮ್ಮ ಗುಜರಿ ಅಂಗಡಿ ಅಲ್ಲರೀ, ಜವಾಬ್ದಾರಿ ಮಂದಿ ಮೀಟಿಂಗ್ ಅದ" ಎಂದಿರಿ. ಎಲ್ಲರೂ ನಕ್ಕರು. ಚಂಪಾಳನ್ನು ಗೇಟಿನೊಳಗೆ ಬಿಡಬಾರದೆಂಬ ಸೂಚನೆ ಲಿಫ್ಟಿನಲ್ಲಿ ಅಂಟಿತು, ಎಲ್ಲ ಮನೆಗಳ ಕೆಲಸವೂ ಅವಳ ಕೈತಪ್ಪಿತು. ಅವಳು ಪಿಂಪಳಗಾಂವ್ ಬಸವಂತ್‌ಗೆ ಹೋಗಿ, ದ್ರಾಕ್ಷಿ ತುಂಬುವ ಶೆಡ್ಡಿನಲ್ಲಿ ತಣ್ಣನೆಯ ನೆಲದ ಮೇಲೆ ನಿಂತು ದುಡಿಯತೊಡಗಿದಳು. ಬಸ್ಸು ಹತ್ತುವಾಗ ನನಗೆ ಹೇಳಿದ್ದು ಒಂದೇ ಮಾತು: "ಅಕ್ಕಾರ, ಕೆಲಸ ಹೋದ್ರ ಹೋಗ್ಲಿ. ನನ್ನ ಮಗಳಿಗಿ ಸಾಲ್ಯಾಗ ಕಳ್ಳಿ ಮಗಳು ಅಂತಾರ್ರಿ."

ತಾವು ದಸರೆಗೆ ಆ ಯಂತ್ರವನ್ನು ಅಂಗಡಿಗೆ ಕೊಟ್ಟು, ಹಳೆಯದಕ್ಕೆ ಹೊಸದು ಎಂಬ ಯೋಜನೆಯಲ್ಲಿ ಹೊಸದನ್ನು ತಂದಿರಿ. ನಾನು ಆ ಅಂಗಡಿಗೆ ಹೋಗಿ ವಿಚಾರಿಸಿದೆ. ಹಳೆಯ ಮಾಲೆಲ್ಲ ಒಟ್ಟಿಗೆ ಔರಂಗಾಬಾದಿನ ಹಳೇ ಸಾಮಾನಿನ ಬಾಜಾರಿಗೆ ಹೋಯಿತೆಂದರು. ಅಲ್ಲಿ ನಮ್ಮ ಅತ್ತೆಯವರ ಮನೆಯಿದೆ. ಇಷ್ಟು ವರ್ಷ ಅತ್ತೆಯ ಮನೆಗೆ ಹೋಗಲು ನೆವ ಹುಡುಕದ ಸೊಸೆ ಇದ್ದಕ್ಕಿದ್ದಂತೆ ಮೇಲಿಂದ ಮೇಲೆ ಬರತೊಡಗಿದ್ದು ಕಂಡು ನಮ್ಮ ಅತ್ತೆ ಸುಶೀಲಾಬಾಯಿಯವರು ಕಣ್ಣಲ್ಲಿ ನೀರು ತಂದುಕೊಂಡರು. ಆ ಪುಣ್ಯವೂ ತಮಗೇ ಸಲ್ಲತಕ್ಕದ್ದು.

ಆ ಬಾಜಾರಿನಲ್ಲಿ ಕಲಬುರಗಿಯ ರೇವಪ್ಪ ಎಂಬವರದೊಂದು ಮಳಿಗೆಯಿದೆ. ಕೂಲರು, ಫ್ಯಾನು, ಮಿಕ್ಸರು, ಅವುಗಳ ಹಿಂದೆ ನನ್ನ ಪಾಲಿನ ಸ್ವರ್ಗ. ನಾನು ಒಂದೊಂದನ್ನೇ ಎತ್ತಿ ಅಡಿ ನೋಡತೊಡಗಿದೆ. ಸೊಸೈಟಿಯ ಏಣಿಯಿಂದ ಹಿಡಿದು ಪ್ಲಾಸ್ಟಿಕ್ ಕುರ್ಚಿಯವರೆಗೆ ಕೈಗೆ ಬಂದ ಎಲ್ಲದರ ಮೇಲೂ ಬಿಳಿ ಬಣ್ಣದಲ್ಲಿ ತಮ್ಮ ಹೆಸರು, ಪದವಿ, ಫ್ಲ್ಯಾಟ್ ನಂಬರು ಬರೆಯಿಸುವುದು ತಮ್ಮ ರೂಢಿ. ಆ ದೂರದೃಷ್ಟಿಗೆ ನಾನು ಅಂದು ಎಷ್ಟು ಋಣಿಯಾದೆನೆಂದು ಹೇಗೆ ಹೇಳಲಿ! ಮೊದಲ ಸಲ ಸಿಗಲಿಲ್ಲ, ಮುಂದಿನ ಸಲವೂ ಸಿಗಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ, ಮುರಿದ ಇಸ್ತ್ರಿಗಳ ರಾಶಿಯ ಕೆಳಗೆ ಮಕಾಡೆ ಬಿದ್ದಿದ್ದ ಕೆಂಪು ಯಂತ್ರವೊಂದರ ಹೊಟ್ಟೆಯ ಮೇಲೆ ತಾವು ಬಿ.ಕಾಂ. ಸಮೇತ ದರ್ಶನ ಕೊಟ್ಟಿರಿ.

ರೇವಪ್ಪ ಅದನ್ನು ಚಾಲೂ ಮಾಡಿ ತೋರಿಸಿದರು. ಶಬ್ದ ಬಹಳ, ಎಳೆತ ಕಡಿಮೆ. ನನಗೆ ಯಾಕೋ ನಮ್ಮ ಸಭೆಗಳ ನೆನಪಾಯಿತು. "ಪೈಪಿನಾಗ ಏನರ ಸಿಕ್ಕೊಂಡದ್ರಿ, ಚೀಲನೂ ತುಂಬ್ಯದ. ಝಾಡಿಸಿ ಕೊಡ್ತೀನಿ ತಡೀರಿ" ಎಂದು ಅವರು ಚೀಲಕ್ಕೆ ಕೈಹಾಕಿದರು. ನಾನು ಅವರ ಕೈ ಹಿಡಿದುಕೊಂಡು, "ಬ್ಯಾಡ್ರಿ ಅಣ್ಣಾ, ಧೂಳಾ ಸಮೇತನ ಬೇಕು" ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಕ್ಕಾರ, ಧೂಳಾ ಖರೀದಿ ಮಾಡೋರಿಗಿ ಇವತ್ತೇ ನೋಡ್ಲಕತ್ತೀನಿ" ಎಂದರು. ಕತೆಯೆಲ್ಲ ಹೇಳಿದ ಮೇಲೆ ಅವರೇ ಯಂತ್ರವನ್ನು ಗೋಣಿಯಲ್ಲಿ ಸುತ್ತಿ, ಬಾಯಿ ಹೊಲಿದು, ಹೊಲಿಗೆಯ ಮೇಲೆ ಅರಗು ಸುರಿದುಕೊಟ್ಟರು. ನಾಸಿಕಿನವರೆಗೆ ನನಗಿದ್ದ ಭಯ ಒಂದೇ. ಒಳಗೆ ಬರೀ ಧೂಳಿದ್ದರೆ? ಚಂಪಾಳಿಗೆ ಮತ್ತೊಮ್ಮೆ ಆಸೆ ತೋರಿಸಿ ನಾನೇ ಅವಳನ್ನು ಹಾಳು ಮಾಡಿದಂತಾಗುವುದಿಲ್ಲವೇ?

ಅದರ ಮುಂದಿನ ರವಿವಾರ ನಾನು ಇಟ್ಟುಕೊಂಡ ಚೀಲ ಬಿಚ್ಚುವ ಕಾರ್ಯಕ್ರಮಕ್ಕೆ ತಾವು ಚಹಾ ಇದೆಯೆಂದು ತಿಳಿದು ದಯಮಾಡಿಸಿದ್ದಿರಿ. ಸಭಾಗೃಹದಲ್ಲಿ ಏರ್ಪಾಡು ಮಾಡಿದ್ದೆ. ಆದರೆ ನಾನು ಕರೆಸಿದ್ದರಿಂದ ಪಿಂಪಳಗಾಂವಿನಿಂದ ಬಂದ ಚಂಪಾಳನ್ನು ವಾಚ್‌ಮನ್ ಗೇಟಿನಲ್ಲೇ ತಡೆದ. "ವೈನಿ, ಸಾಹೇಬಾಂಚಾ ಆರ್ಡರ್ ಆಹೇ" ಎಂದು ಕೈಮುಗಿದ. ತಮ್ಮ ಆಜ್ಞೆಯನ್ನು ಮೀರುವಷ್ಟು ದೊಡ್ಡವಳು ನಾನಲ್ಲ. ಆದ್ದರಿಂದ ಮೇಜು, ಚಹಾ, ಕುರ್ಚಿ, ಅಧ್ಯಕ್ಷರು ಸಮೇತ ಇಡೀ ಸಭೆಯನ್ನೇ ಗೇಟಿಗೆ ಸಾಗಿಸಲಾಯಿತು. ಅವಳು ಹೊರಗೆ, ನಾವು ಒಳಗೆ, ನಡುವೆ ಕಬ್ಬಿಣದ ಸರಳು.

ಅರಗನ್ನು ಕೀಳುವ ಗೌರವವನ್ನು ತಮಗೇ ಬಿಟ್ಟೆ. ಗೋಣಿ ಬಿಚ್ಚಿ ತಮ್ಮ ಹೆಸರು ಕಂಡಾಗ ತಾವು ಚಹಾ ಕೆಳಗಿಟ್ಟಿರಿ. ಚೀಲವನ್ನು ಪೇಪರಿನ ಮೇಲೆ ಸುರುವಿದೆ. ರಂಗೋಲಿ ಪುಡಿ ಬಂತು, ಕೂದಲು ಬಂತು, ಡಾಕ್ಟರರ ಮಾತಿನಂತೆ ತಾವು ಎಂದೋ ಬಿಟ್ಟಿದ್ದ ಹುರಿದ ಶೇಂಗಾದ ಸಿಪ್ಪೆ ಧಾರಾಳವಾಗಿ ಬಂತು. ಬುಗುಡಿ ಬರಲಿಲ್ಲ. ಯಾರೋ ಕೆಮ್ಮಿದರು. ತಾವು ನಗಲು ಶುರು ಮಾಡಿದಿರಿ. ಚಂಪಾ ಸರಳು ಬಿಟ್ಟು ಹಿಂದೆ ತಿರುಗಿದ್ದಳು. ಆಗ ನನಗೆ ರೇವಪ್ಪನವರ ಮಾತು ಹೊಳೆದು, ಪೈಪನ್ನು ಎತ್ತಿ ಕಟ್ಟೆಗೆ ಕುಟ್ಟಿದೆ. ಕೂದಲಿನ ಉಂಡೆಯೊಂದು ಬಿತ್ತು, ಅದರ ನಡುವೆ ಮೂರು ಮುತ್ತು ಹೊಳೆಯುತ್ತಿದ್ದವು. ಸುಮನ ಅವರು ಬಗ್ಗಿ ನೋಡಿ, ತಮ್ಮದೇ ಬುಗುಡಿ ಎಂದರು.

ಆ ಕ್ಷಣದ ತಮ್ಮ ವಾಕ್ಯವನ್ನು ಅಕ್ಷರ ತಪ್ಪದೆ ಬರೆಯುತ್ತೇನೆ: "ಹೋಗ್ಲಿ ಬಿಡ್ರಿ, ಸಿಕ್ತಲ್ಲ, ವಿಷಯ ಮುಗೀತು. ಕೊಡ್ರಿ ಇಲ್ಲೆ." ತಾವು ಕೈ ಚಾಚಿದಿರಿ. ನಾನು ಬುಗುಡಿಯನ್ನು ಸರಳಿನ ನಡುವಿನಿಂದ ಚಂಪಾಳ ಕೈಗೆ ಕೊಟ್ಟೆ. ಅವಳು ಅದನ್ನು ಸೆರಗಿನಿಂದ ಒರೆಸಿ, ಗಂಟು ಕಟ್ಟಿ, "ಸಾಹೇಬ್ರ, ನಿಮ್ಮ ಕೈಗಿ ಕೊಡಂಗಿಲ್ರಿ. ನಾ ಕಳ್ಳಿ ಅಂತ ಠಾಣ್ಯಾಗ ಬರಸೀರಿ. ಅಲ್ಲೇ ಕೊಡ್ತೀನಿ, ಅಲ್ಲೇ ಬಂದು ತೊಗೋರಿ" ಎಂದಳು. ಧ್ವನಿ ಏರಿಸಲಿಲ್ಲ, ಅಳಲೂ ಇಲ್ಲ. ನಾವು ಕೆಲವರು ಅವಳೊಂದಿಗೆ ನಡೆದು ಹೋದೆವು. ಠಾಣೆಯವರು ಬುಗುಡಿ ಜಮಾ ಮಾಡಿಕೊಂಡು, ಅವಳ ಮೇಲೆ ಯಾವ ದೂರೂ ಉಳಿದಿಲ್ಲವೆಂದು ಬರೆದುಕೊಟ್ಟರು. ಆ ಕಾಗದದ ಪ್ರತಿ ಈಗ ಅವಳ ಮಗಳ ಶಾಲೆಯ ಹೆಡ್‌ಮಾಸ್ತರರ ಮೇಜಿನ ಮೇಲಿದೆ. ನಮ್ಮ ಕಟ್ಟಡದ ಹಲವರು ಕೆಲಸಕ್ಕೆ ಮರಳಿ ಬಾ ಎಂದು ಅವಳನ್ನು ಕರೆದರು. ಅವಳು ಬರಲೊಪ್ಪಲಿಲ್ಲ.

ಇದಾಗಿ ವಾರ ಕಳೆಯುವುದರೊಳಗೆ ನನಗೆ ತಮ್ಮ ನೋಟಿಸು ಬಂತು. ಅದನ್ನು ಶಿರಸಾವಹಿಸಿ ಪಾಲಿಸುವ ಮುನ್ನ ಕೆಲವು ವಿನಂತಿಗಳಿವೆ. ಸಂಶಯ ಬಂದ ಮಾತ್ರಕ್ಕೆ ಗೇಟು ಮುಚ್ಚುವ ನಿಯಮ ಎಲ್ಲರಿಗೂ ಒಂದೇ ಆದ್ದರಿಂದ, ಬುಗುಡಿ ನುಂಗಿದ ಆ ಯಂತ್ರವನ್ನೂ, ಅಂದು ಅದರ ಹಿಡಿಕೆ ಹಿಡಿದಿದ್ದ ಮಹನೀಯರನ್ನೂ ಒಂದಿಡೀ ದಿನ ಠಾಣೆಯಲ್ಲಿ ಕೂಡಿಸಿ, ಅವರ ಹಿಟ್ಟಿನ ಡಬ್ಬಿಯನ್ನು ಸುರುವಿ ನೋಡುವ ವ್ಯವಸ್ಥೆಯಾಗಲಿ. ಅದು ಕಷ್ಟವಾದರೆ, ಬಾಯಿಂದ ಬಿದ್ದ ಮಾತನ್ನು ಮರಳಿ ಎಳೆದುಕೊಳ್ಳುವ ಯಂತ್ರವೊಂದನ್ನು ತಮ್ಮ ಹೊಸ ಖರೀದಿಯ ಪಟ್ಟಿಯಲ್ಲಿ ಸೇರಿಸಿ. ಹಳೆಯದಾದ ಮೇಲೆ ಅದನ್ನು ನಾನೇ ಕೊಳ್ಳುತ್ತೇನೆ. ಅದೂ ಆಗದಿದ್ದರೆ, ತಾವು ಪಿಂಪಳಗಾಂವಿಗೆ ಹೋಗಿ ಒಂದು ವಾಕ್ಯ ಹೇಳಿ ಬರಬಹುದು. ಆದರೆ ಇದು ಅಸಾಧ್ಯದ ಕೋರಿಕೆಯೆಂದು ನಾನು ಬಲ್ಲೆ, ಕೇಳಿದ್ದಕ್ಕೆ ಕ್ಷಮೆಯಿರಲಿ.

ತಮ್ಮ ಘನತೆಗೆ ಧೂಳು ತಾಗದಿರಲೆಂದು ಹಾರೈಸುವ,

ತಮ್ಮ ವಿಶ್ವಾಸಿ,
ವಿಜಯಶ್ರೀ

ತಾ.ಕ.: ಸುಮನ ಅವರು ಎಲ್ಲಿಗೆ ಹೋಗಿದ್ದಾರೆಂದು ತಾವು ಮಧ್ಯಾಹ್ನದಿಂದ ಮಹಡಿ ಮಹಡಿ ಹತ್ತಿ ವಿಚಾರಿಸುತ್ತಿರುವಿರೆಂದು ತಿಳಿಯಿತು. ಅವರು ಚಂಪಾಳ ಮನೆಗೆ ಹೋಗಿದ್ದಾರೆ, ಕ್ಷಮೆ ಕೇಳಲು. ತಮಗೆ ತಿಳಿಸಲೇ ಎಂದು ಕೇಳಿದ್ದಕ್ಕೆ, "ನಾ ಹೇಳಿದ್ರ ಅವರ ಕಿವಿಗೆ ಬೀಳಂಗಿಲ್ಲ, ನೀವ ಬರದು ಅಂಟಸ್ರಿ" ಎಂದರು. ಎರಡು ದಿನ ಅಲ್ಲೇ ಇರುತ್ತಾರಂತೆ. ಅನ್ನಕ್ಕೆ ತಾವೇ ಇಟ್ಟುಕೊಳ್ಳಬೇಕು. ಕುಕ್ಕರಿನ ರಬ್ಬರು ಫ್ರಿಜ್ಜಿನಲ್ಲಿದೆ ಎಂದು ಹೇಳಲು ಹೇಳಿದ್ದಾರೆ.