ದೂರು ಆಲಿಸುವ ಅಧಿಕಾರಿ ಬೊಮ್ಮಯ್ಯನವರು

೧೯೯೯ನೇ ಇಸವಿಯಲ್ಲಿ, ಚಿಕ್ಕಮಗಳೂರಿನಲ್ಲಿ ಸರ್ಕಾರದ ಷೇರಿದ್ದ ಗಿರಿರಾಜ ಕಾಫಿ ಕ್ಯೂರಿಂಗ್ ವರ್ಕ್ಸಿನ ಆಪರೇಟರ್ ಬೊಮ್ಮಯ್ಯನವರಿಗೆ ಎರಡೂ ಕಿವಿ ಕೇಳಿಸುವುದಿಲ್ಲವೆಂದು ವೈದ್ಯರು ಪ್ರಮಾಣೀಕರಿಸಿದರು. ಕಾಫಿ ಬೀಜದ ಪಾರ್ಚ್‌ಮೆಂಟ್ ಸಿಪ್ಪೆ ಸುಲಿಯುವ ಮಿಷನ್ನಿನ ಗದ್ದಲದ ಪಕ್ಕದಲ್ಲೇ ಇಪ್ಪತ್ತಾರು ವರ್ಷ ನಿಂತ ಮನುಷ್ಯ. "ಕಾಫಿ ಸಿಪ್ಪೆ ಸುಲಿಯೋ ಭರದಲ್ಲಿ ಕಿವಿನೂ ಸುಲಿಸ್ಕೊಂಡೆ ಮಾರಾಯ" ಎಂದು ತಾವೇ ನಗುತ್ತಿದ್ದರು. ಕೆಲಸವೇನೂ ಕೆಟ್ಟಿರಲಿಲ್ಲ. ಮಿಷನ್ ಮೈಮೇಲೆ ಅಂಗೈ ಇಟ್ಟರೆ ಸಾಕು, ಕಲ್ಲು ಸಿಕ್ಕಿದೆಯೋ ಬೆಲ್ಟ್ ಸಡಿಲವಾಗಿದೆಯೋ ತಿಳಿದುಬಿಡುತ್ತಿತ್ತು.

ಮ್ಯಾನೇಜರ್ ಚಂದ್ರಶೇಖರಪ್ಪನವರು ವಜಾ ಆದೇಶ ಟೈಪ್ ಮಾಡಿಸಿಯೂ ಆಗಿತ್ತು. ಅಷ್ಟರಲ್ಲಿ ವಕೀಲರು ಹೊಸ ಕಾಯ್ದೆ ತೋರಿಸಿದರು. ಕೆಲಸದಲ್ಲಿದ್ದಾಗ ಅಂಗವಿಕಲನಾದವನನ್ನು ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. ಚಂದ್ರಶೇಖರಪ್ಪನವರು ಕಾಯ್ದೆಗೆ ತಲೆಬಾಗುವವರು. ಅಂದೇ ಬೊಮ್ಮಯ್ಯನವರಿಗೆ ಬಡ್ತಿ ಕೊಟ್ಟು, ಕಾರ್ಮಿಕರ ದೂರು ಆಲಿಸುವ ಅಧಿಕಾರಿಯನ್ನಾಗಿ ನೇಮಿಸಿದರು. ನೋಟಿಸ್ ಬೋರ್ಡಿಗೆ ನಿಯಮವೂ ಬಂತು: "ದೂರುಗಳನ್ನು ಬಾಯಿಮಾತಿನಲ್ಲಿಯೇ ಸಲ್ಲಿಸತಕ್ಕದ್ದು. ಲಿಖಿತ ದೂರುಗಳನ್ನು ಸ್ವೀಕರಿಸಲಾಗುವುದಿಲ್ಲ."

ಮೊದಲ ದಿನ ಕಾಳು ಆರಿಸುವ ರಂಗಮ್ಮ ಬಂದು, ಹೆಂಗಸರ ಪಾಯಿಖಾನೆಗೆ ಬಾಗಿಲಿಲ್ಲವೆಂದು ಅರ್ಧ ಗಂಟೆ ಕೈ ಆಡಿಸಿ ಹೇಳಿದಳು. ಬೊಮ್ಮಯ್ಯನವರು ಒಂದೂ ತಿಳಿಯದೆ, ಪಾಪ, ನಾಚಿಕೆಯಿಂದ ತಲೆಯಾಡಿಸಿದರು.

"ನಡುವೆ ಬಾಯಿ ಹಾಕ್ದೆ ಕೂತ್ಕೊಂಡ ಗಂಡಸು ಇವ್ರೊಬ್ರೇ ಕಣ್ರೇ!" ಎಂದು ರಂಗಮ್ಮ ಹೊರಗೆ ಹೇಳಿದ್ದೇ ತಡ, ಮರುದಿನ ಸಾಲು ಗೇಟು ಮುಟ್ಟಿತು. ಬಾಗಿಲು ಮಾತ್ರ ಬರಲಿಲ್ಲ.

ತಿಂಗಳಿಗೇ ಬೊಮ್ಮಯ್ಯನವರಿಗೆ ಸಾಕಾಯಿತು. "ಸಾರ್, ನನ್ನ ಮಿಷನ್ನಿಗೇ ವಾಪಸ್ ಹಾಕಿ. ಈ ಕುರ್ಚಿಲಿ ಕೂತು ಜನಕ್ಕೆ ಮೋಸ ಮಾಡೋದು ನನ್ನ ಕೈಲಾಗಲ್ಲ" ಎಂದು ಮ್ಯಾನೇಜರ ಮುಂದೆ ಕೈಮುಗಿದರು.

ಚಂದ್ರಶೇಖರಪ್ಪನವರು ಚೀಟಿ ಬರೆದುಕೊಟ್ಟರು: "ಇದು ದೂರು. ಸಂಬಂಧಪಟ್ಟ ಅಧಿಕಾರಿಗೆ ಬಾಯಿಮಾತಿನಲ್ಲಿ ಸಲ್ಲಿಸಿ."

ಬೊಮ್ಮಯ್ಯನವರು ಕೋಣೆಗೆ ಬಂದು ದೂರುದಾರರ ಸ್ಟೂಲಿನಲ್ಲಿ ಕೂತರು. ಎದುರಿನ ಖಾಲಿ ಕುರ್ಚಿಗೆ ಎಲ್ಲವನ್ನೂ ಹೇಳಿಕೊಂಡರು, ಅತ್ತೂಬಿಟ್ಟರು. ಆಮೇಲೆ ಕಣ್ಣೊರೆಸಿಕೊಂಡು ಎದ್ದು, ಮೇಜು ಸುತ್ತಿ ಕುರ್ಚಿಯಲ್ಲಿ ಕೂತರು. ಪ್ರಾಮಾಣಿಕ ಮನುಷ್ಯ, ದೂರಿನ ಒಂದಕ್ಷರವೂ ಕಿವಿಗೆ ಬಿದ್ದಿರಲಿಲ್ಲ. "ದೂರುದಾರರ ಅಹವಾಲನ್ನು ಪೂರ್ಣವಾಗಿ ಆಲಿಸಲಾಯಿತು. ಹುರುಳಿಲ್ಲ. ವಜಾ" ಎಂದು ರಿಜಿಸ್ಟರಿನಲ್ಲಿ ಬರೆದು ದೂರುದಾರ, ಅಧಿಕಾರಿ ಎರಡೂ ಕಡೆ ತಾವೇ ಸಹಿ ಹಾಕಿದರು.

ಪಕ್ಷಪಾತವಿಲ್ಲದ ತೀರ್ಮಾನವೆಂದು ಮ್ಯಾನೇಜರು ಷರಾ ಬರೆದರು.